ಎರಡು ಸಲ ಕೇಬಲ್ ಹಾಕಿದರೂ ಕ್ಲಚ್ ಪೆಡಲ್ ಮೇಲೆ ಬರುತ್ತಿಲ್ಲ, ಯಾಕೆ?

ಪ್ರಶ್ನೆ: ನಮ್ಮದು 1999ರ ಮಾರುತಿ 800. ಅಪ್ಪ ಕೊಂಡ ಕಾರು, ಮಾರುವ ಮನಸ್ಸಿಲ್ಲ. ತೀರ್ಥಹಳ್ಳಿ ಹತ್ತಿರ ನಮ್ಮ ಊರು. ಒಂದು ವರ್ಷದಿಂದ ಕ್ಲಚ್ ತುಳಿದರೆ ಪೆಡಲ್ ಕೆಳಗೇ ನಿಂತುಬಿಡುತ್ತದೆ, ಚಪ್ಪಲಿಯ ತುದಿಯಿಂದ ಎತ್ತಬೇಕು. ಎರಡು ಸಲ ಕೇಬಲ್ ಬದಲಾಯಿಸಿದೆವು. ಹಾಕಿದ ಮೂರ್ನಾಲ್ಕು ತಿಂಗಳು ಬೆಣ್ಣೆಯಂತೆ ಇರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಬೆಳಿಗ್ಗೆ ತೊಂದರೆ ಹೆಚ್ಚು, ಸ್ವಲ್ಪ ದೂರ ಓಡಿದ ಮೇಲೆ ಕಡಿಮೆ. ಗೇರ್‌ಬಾಕ್ಸ್ ಇಳಿಸಿ ಕ್ಲಚ್ ಸೆಟ್ ಪೂರ್ತಿ ಹಾಕಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬ್ಯಾಟರಿ ಹೊಸದಾದರೂ ಸೆಲ್ಫ್ ಎಳೆದಾಡುತ್ತದೆ, ಆಕ್ಸಿಲರೇಟರ್ ಕೂಡ ಈಚೆಗೆ ಬಿಗಿ. ಅದು ಬೇರೆ ವಿಷಯ ಇರಬಹುದು. ಮುಂದಿನ ತಿಂಗಳು ಆಗುಂಬೆ ಘಾಟಿ ಇಳಿದು ಉಡುಪಿಗೆ ಮದುವೆಗೆ ಹೋಗುವುದಿದೆ. ಏನು ಮಾಡಲಿ?

ಉತ್ತರ: ‘ಅದು ಬೇರೆ ವಿಷಯ ಇರಬಹುದು’ ಎಂದಿರಲ್ಲ, ನನ್ನ ಗಮನ ಹೋಗಿದ್ದು ಅಲ್ಲಿಗೇ. ಸೆಲ್ಫ್ ಎಳೆದಾಡುವುದು, ಆಕ್ಸಿಲರೇಟರ್ ಬಿಗಿಯಾಗಿರುವುದು, ಹೊಸ ಕೇಬಲ್ ಮೂರು ತಿಂಗಳಿಗೇ ಸಾಯುವುದು, ಈ ಮೂರಕ್ಕೂ ಒಂದೇ ಬೇರು ಇರುವ ಸಾಧ್ಯತೆ ಬಲವಾಗಿದೆ. ಅದನ್ನು ಪರೀಕ್ಷಿಸಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆ ಕಳೆಯುವವರೆಗೆ ಗೇರ್‌ಬಾಕ್ಸ್ ಇಳಿಸಲು ಒಪ್ಪಬೇಡಿ. ನಿಮ್ಮ ಮೆಕ್ಯಾನಿಕ್ ಸುಳ್ಳು ಹೇಳುತ್ತಿದ್ದಾರೆಂದು ಇದರ ಅರ್ಥವಲ್ಲ. ಎರಡು ಕೇಬಲ್ ಹಾಕಿಯೂ ದೋಷ ಹೋಗದಿದ್ದರೆ ಒಳಗೆ ನೋಡೋಣ ಎನಿಸುವುದು ಸಹಜ. ಆದರೆ ಒಳಗೆ ಹೋಗುವ ಮೊದಲು ಹೊರಗೆ ನೋಡುವುದು ಇನ್ನೂ ಬಾಕಿ ಇದೆ.

ನಿಮ್ಮ ಕಾಲು ತೆಗೆದ ಮೇಲೆ ಪೆಡಲನ್ನು ಮೇಲಕ್ಕೆ ತರುವವರು ಯಾರು? ಪೆಡಲ್ ಹತ್ತಿರ ಇರುವ ಸ್ಪ್ರಿಂಗ್ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಅದು ಕೊನೆಯ ಸಡಿಲವನ್ನು ಎಳೆದುಕೊಳ್ಳುತ್ತದೆ, ಅಷ್ಟೇ. ನಿಜವಾದ ಬಲ ಬರುವುದು ಗೇರ್‌ಬಾಕ್ಸ್ ಮತ್ತು ಎಂಜಿನ್ ನಡುವೆ ಕೂತು ಕ್ಲಚ್ ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಷರ್ ಪ್ಲೇಟಿನ ಡಯಾಫ್ರಾಮ್ ಸ್ಪ್ರಿಂಗಿನಿಂದ. ಅದು ತನ್ನನ್ನು ಒತ್ತಿದ್ದ ರಿಲೀಸ್ ಬೇರಿಂಗನ್ನು ಹಿಂದಕ್ಕೆ ನೂಕುತ್ತದೆ, ಬೇರಿಂಗ್ ಫೋರ್ಕನ್ನು, ಫೋರ್ಕ್ ತನ್ನ ಶಾಫ್ಟನ್ನು, ಶಾಫ್ಟ್ ಹೊರಗಿರುವ ಆರ್ಮನ್ನು, ಆರ್ಮ್ ಕೇಬಲನ್ನು, ಕೇಬಲ್ ಪೆಡಲನ್ನು. ಈ ಸರಪಳಿಯಲ್ಲಿ ಎಲ್ಲಿ ಉಜ್ಜಾಟ ಹೆಚ್ಚಾದರೂ ಪೆಡಲ್ ಸೋಮಾರಿಯಾಗುತ್ತದೆ.

ಕೆಳಕ್ಕೆ ತುಳಿದಾಗಲೇ ಅದು ನಿಲ್ಲುವುದಕ್ಕೂ ಕಾರಣವಿದೆ. ಸುರುಳಿ ಸ್ಪ್ರಿಂಗ್ ಒತ್ತಿದಷ್ಟೂ ಬಿಗಿಯಾಗುತ್ತದೆ. ಡಯಾಫ್ರಾಮ್ ಸ್ಪ್ರಿಂಗ್ ತಟ್ಟೆಯಾಕಾರದ್ದು. ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವ ಪುಟ್ಟ ಡಬ್ಬಿಯ ತಳ ಒತ್ತಿದರೆ ಮೊದಲು ಬಿಗಿಯಾಗಿದ್ದು ಆಮೇಲೆ ಟಕ್ಕೆಂದು ಸಡಿಲವಾಗುತ್ತದಲ್ಲ, ಅದೇ ಜಾತಿ. ಪೂರ್ತಿ ತುಳಿದ ಜಾಗದಲ್ಲಿ ಅದರ ಎದುರೊತ್ತು ತಗ್ಗಿರುತ್ತದೆ. ಕಾಲಿಗೆ ಹಗುರವಾಗಲಿ ಎಂಬುದಕ್ಕೆ ಇದು ಒಳ್ಳೆಯದೇ, ಆದರೆ ಕೇಬಲಿನಲ್ಲಿ ಉಜ್ಜಾಟ ಹೆಚ್ಚಿದ್ದರೆ ಆ ತಗ್ಗಿದ ಬಲ ಸಾಲದೆ ಪೆಡಲ್ ನೆಲದ ಹತ್ತಿರವೇ ಉಳಿಯುತ್ತದೆ. ಚಪ್ಪಲಿ ತುದಿಯಿಂದ ಸ್ವಲ್ಪ ಎತ್ತಿದ ಕೂಡಲೇ ಉಳಿದ ದಾರಿಯನ್ನು ಅದೇ ಬರುತ್ತದೆ ಎಂದಾದರೆ, ಪ್ರೆಷರ್ ಪ್ಲೇಟ್ ಜೀವಂತವಾಗಿದೆ, ದಾರಿಯಲ್ಲಿ ಏನೋ ತಡೆಯುತ್ತಿದೆ ಎಂದೇ ಮೊದಲು ಅನುಮಾನಿಸಬೇಕು.

ಇನ್ನು ಪರೀಕ್ಷೆ. ಮೊದಲು ಕಾಲಡಿಯ ಮ್ಯಾಟ್ ತೆಗೆದು ಹಿಂದಿನ ಸೀಟಿಗೆ ಎಸೆಯಿರಿ. ಮಳೆಗಾಲದಲ್ಲಿ ದಪ್ಪ ಮ್ಯಾಟಿನ ಮೇಲೆ ಇನ್ನೊಂದು ಗೋಣಿ ಹಾಸುವ ಅಭ್ಯಾಸ ನಮ್ಮ ಮಲೆನಾಡಿನಲ್ಲಿದೆ, ಅದು ಪೆಡಲಿಗೆ ಸಿಕ್ಕಿಕೊಂಡು ಗ್ಯಾರೇಜಿಗೆ ಬಂದ ಕಾರುಗಳನ್ನು ನಾನೇ ಕಂಡಿದ್ದೇನೆ. ಟಾರ್ಚ್ ಹಿಡಿದು ಪೆಡಲಿನ ತುದಿಯನ್ನು, ಮೇಲೆ ಅದು ತೂಗುವ ಶಾಫ್ಟನ್ನು, ರಿಟರ್ನ್ ಸ್ಪ್ರಿಂಗ್ ತನ್ನ ಕೊಕ್ಕೆಯಲ್ಲಿದೆಯೇ ಎಂಬುದನ್ನು ನೋಡಿ.

ಆಮೇಲೆ ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಎಂಜಿನ್ ಆರಿಸಿ ಬಾನೆಟ್ ಎತ್ತಿ. ಕಾರಿನ ಒಳಗಿನಿಂದ ಬಂದ ಕ್ಲಚ್ ಕೇಬಲ್ ಗೇರ್‌ಬಾಕ್ಸ್ ಪಕ್ಕದ ಆರ್ಮಿಗೆ ಸೇರುವ ಜಾಗ, ಅಲ್ಲಿ ಅಡ್ಜಸ್ಟ್ ಮಾಡುವ ನಟ್ಟು ಕಾಣುತ್ತದೆ. ಬಿಚ್ಚುವ ಮೊದಲು ನಟ್ಟಿನಾಚೆ ಎಷ್ಟು ಮರೆ (ನಟ್ಟು ಕೂರುವ ಸುರುಳಿ ಗೆರೆ) ಹೊರಗಿದೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೈಗೆ ಸಿಗದ ಜಾಗದಲ್ಲಿದ್ದರೆ ಗ್ಯಾರೇಜಿನಲ್ಲೇ ಮಾಡಿಸಿ. ಕಾರಿನ ಕೆಳಗೆ ನುಗ್ಗುವುದಾದರೆ ಬರೀ ಜಾಕ್ ಮೇಲೆ ನಂಬಿಕೆ ಇಡಬೇಡಿ, ಹಾಲೋ ಬ್ಲಾಕ್ ಇಟ್ಟಂತೂ ಬೇಡವೇ ಬೇಡ, ಅದು ಒಮ್ಮೆಗೇ ಪುಡಿಯಾಗುತ್ತದೆ. ಗಟ್ಟಿ ಸ್ಟ್ಯಾಂಡ್ ಬೇಕು.

ಆರ್ಮಿನಿಂದ ಕೇಬಲನ್ನು ಬಿಡಿಸಿದಿರಿ ಎಂದರೆ ಸರಪಳಿ ಎರಡು ತುಂಡಾಯಿತು. ಇಡೀ ಪತ್ತೆ ಕೆಲಸದ ಜೀವಾಳ ಇದು. ಈಗ ಒಳಗೆ ಕೂತು ಪೆಡಲನ್ನು ಕೈಯಿಂದ ಒತ್ತಿ ಬಿಡಿ. ಕೇಬಲ್ ಬಿಚ್ಚಿರುವುದರಿಂದ ಹೂವೆತ್ತಿದಂತೆ ಹಗುರವಾಗಿರಬೇಕು. ಹಾಗಿಲ್ಲದೆ ತೊಡಕುತ್ತಿದ್ದರೆ ದೋಷ ಪೆಡಲ್ ಅಥವಾ ಕೇಬಲಿನಲ್ಲಿದೆ, ಗೇರ್‌ಬಾಕ್ಸಿನ ಒಳಗಲ್ಲ. ಆ ಎರಡರಲ್ಲಿ ಯಾವುದು ಎಂದು ತಿಳಿಯಲು ಪೆಡಲ್ ಕಡೆಯ ಕೊಕ್ಕೆಯನ್ನೂ ಬಿಡಿಸಿ. ಪೆಡಲ್ ಒಂದನ್ನೇ ಆಡಿಸಿ ನೋಡಿ, ಆಮೇಲೆ ಕೇಬಲಿನ ಒಳತಂತಿಯನ್ನು ಎರಡೂ ಕಡೆ ಹಿಡಿದು ಎಳೆದಾಡಿ. ಪೆಡಲೇ ಬಿಗಿಯಾಗಿದ್ದರೆ ಶಾಫ್ಟಿನ ಬುಷ್, ಅಂದರೆ ಶಾಫ್ಟಿಗೆ ತೊಡಿಸಿದ ಬಳೆ, ಒಣಗಿದೆ ಅಥವಾ ಸವೆದಿದೆ. ಒದ್ದೆ ಚಪ್ಪಲಿಯಿಂದ ಸೋರಿದ ನೀರು, ಕೆಮ್ಮಣ್ಣು, ಇಪ್ಪತ್ತೈದು ವರ್ಷದ ಹಳೆ ಗ್ರೀಸು ಸೇರಿ ಅಲ್ಲಿ ಕಿಟ್ಟ ಕಟ್ಟಿರುತ್ತದೆ. ಬಿಚ್ಚಿ, ಒರೆಸಿ, ಬುಷ್ ಬದಲಿಸಿ, ಹೊಸ ಗ್ರೀಸ್ ಹಚ್ಚಿದರೆ ಮುಗಿಯಿತು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ಎರಡು ವಾರ ಚೆನ್ನಾಗಿರುತ್ತದೆ, ಅದು ಗ್ರೀಸಿಗೆ ಬದಲಿಯಲ್ಲ.

ಇನ್ನೊಂದು ತುಂಡು, ಗೇರ್‌ಬಾಕ್ಸಿನ ಆರ್ಮ್. ಕೈಯಿಂದ ಆಡಿಸಿದರೆ ಸ್ವಲ್ಪ ದೂರ ಸಡಿಲವಾಗಿ ಬಂದು, ಬೇರಿಂಗ್ ಪ್ರೆಷರ್ ಪ್ಲೇಟಿಗೆ ತಾಗಿದ ಕೂಡಲೇ ಗಟ್ಟಿಯಾಗಿ ನಿಲ್ಲಬೇಕು. ಆ ಸಡಿಲದ ದೂರದಲ್ಲಿ ಅದು ಕರಕರ ಎನ್ನದೆ ನಯವಾಗಿ ತಿರುಗಬೇಕು. ಅಲ್ಲಿ ಬಿಗಿಯಿದ್ದರೆ ಫೋರ್ಕ್ ಶಾಫ್ಟಿನ ಬುಷ್ ಒಣಗಿದೆ, ಇಲ್ಲವೇ ಬೇರಿಂಗ್ ತನ್ನ ಕೊಳವೆಯ ಮೇಲೆ ಜಾರದೆ ಹಿಡಿಯುತ್ತಿದೆ. ಆಗ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಗೇರ್‌ಬಾಕ್ಸ್ ಇಳಿಯಲೇಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಕೂಲಿ ಎರಡು ಸಲ ಕೊಡುವುದರಲ್ಲಿ ಅರ್ಥವಿಲ್ಲ. ಫೋರ್ಕ್ ಶಾಫ್ಟಿನ ಬುಷ್ ನೋಡಿದಿರಾ ಎಂದು ಬಾಯಿಬಿಟ್ಟು ಕೇಳಿ, ಸೆಟ್ಟಿನ ಡಬ್ಬದಲ್ಲಿ ಆ ಬುಷ್ ಬರುವುದಿಲ್ಲವಾದ್ದರಿಂದ ಬಹಳ ಕಡೆ ಮರೆತುಬಿಡುತ್ತಾರೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಮಾತ್ರ ಬಿಡಬೇಡಿ. ಹಳೆ ಕಾಲದ ಕ್ಲಚ್ ಪ್ಲೇಟಿನ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲಿ.

ನಿಮ್ಮ ಕಾರಿನಲ್ಲಿ ಆರ್ಮ್ ನಯವಾಗಿದ್ದು ಕೇಬಲ್ಲೇ ತೊಡಕುತ್ತಿರುತ್ತದೆ ಎಂಬುದು ನನ್ನ ಅಂದಾಜು. ಹೊಸ ಕೇಬಲ್ ಹಾಕಿದ ಕೂಡಲೇ ಬೆಣ್ಣೆಯಂತಾಯಿತು ಎಂದಿರಲ್ಲ. ಒಳಗಿನ ಬುಷ್ ಒಣಗಿದ್ದರೆ ಕೇಬಲ್ ಬದಲಿಸಿದ ಮಾತ್ರಕ್ಕೆ ಹಾಗಾಗದು. ಹಾಗಾದರೆ ಕೇಳಬೇಕಾದ ಪ್ರಶ್ನೆ, ಒಳ್ಳೆಯ ಕೇಬಲನ್ನು ಮೂರು ತಿಂಗಳಲ್ಲಿ ಕೊಲ್ಲುತ್ತಿರುವುದು ಯಾವುದು?

ಕೇಬಲಿನ ಹೊರಕವಚದ ಒಳಗೆ ಪ್ಲಾಸ್ಟಿಕ್ಕಿನ ತೆಳು ಲೈನಿಂಗ್ ಇರುತ್ತದೆ, ಉಕ್ಕಿನ ತಂತಿ ಅದರೊಳಗೆ ಜಾರುತ್ತದೆ. ಈಗ ಸೆಲ್ಫ್ ಹೊಡೆಯುವಾಗ ಏನಾಗುತ್ತದೆ ನೋಡಿ. ಬ್ಯಾಟರಿಯ ಪ್ಲಸ್‌ನಿಂದ ದಪ್ಪ ವೈರಿನಲ್ಲಿ ನೂರು ಆಂಪಿಯರ್ ಆಸುಪಾಸಿನ ಕರೆಂಟು ಸೆಲ್ಫ್ ಮೋಟಾರಿಗೆ ಹೋಗುತ್ತದೆ. ಅಷ್ಟೂ ಕರೆಂಟು ಎಂಜಿನ್ನಿನ ಲೋಹದ ಮೂಲಕ ಬ್ಯಾಟರಿಯ ಮೈನಸ್‌ಗೆ ವಾಪಸು ಬರಬೇಕು. ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ರಬ್ಬರಿನಲ್ಲಿ ಕರೆಂಟು ಹರಿಯದು. ಅದಕ್ಕೇ ಎಂಜಿನ್ ಅಥವಾ ಗೇರ್‌ಬಾಕ್ಸಿನಿಂದ ಕಾರಿನ ಬಾಡಿಗೂ ಬ್ಯಾಟರಿಗೂ ಅರ್ಥ್ ವೈರ್ ಕೊಟ್ಟಿರುತ್ತಾರೆ. ಇಪ್ಪತ್ತೈದು ಮಳೆಗಾಲ ಕಂಡ ಕಾರಿನಲ್ಲಿ ಆ ವೈರಿನ ಬುಡ ಹಸಿರುಗಟ್ಟಿ, ಬೋಲ್ಟಿನಡಿ ತುಕ್ಕು ಕೂತು, ಸಂಪರ್ಕ ಹೆಸರಿಗಷ್ಟೇ ಉಳಿದಿರುತ್ತದೆ. ಕೆಲವೊಮ್ಮೆ ಎಂಜಿನ್ ಕೆಲಸ ಮಾಡಿಸಿದಾಗ ಬಿಚ್ಚಿದವರು ವಾಪಸು ಹಾಕಿರುವುದೇ ಇಲ್ಲ.

ದೊಡ್ಡ ದಾರಿ ಮುಚ್ಚಿದರೆ ಕರೆಂಟು ಸಂದಿಗೊಂದಿ ಹುಡುಕುತ್ತದೆ. ಎಂಜಿನ್ನಿಗೂ ಬಾಡಿಗೂ ನಡುವೆ ಉಳಿದಿರುವ ಲೋಹದ ಸಂಬಂಧ ಎಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಇಂಥವು. ಬೆಳಿಗ್ಗೆ ಬೆಳಿಗ್ಗೆ ನೀವು ಸೆಲ್ಫ್ ಹೊಡೆದಾಗಲೆಲ್ಲ ಆ ಸಣ್ಣ ಉಕ್ಕಿನ ತಂತಿಗಳಲ್ಲಿ ಅಳತೆ ಮೀರಿದ ಕರೆಂಟು ಹರಿದು ಅವು ಕಾಯುತ್ತವೆ. ಲೈನಿಂಗ್ ಮೆತ್ತಗಾಗಿ ತಂತಿಗೆ ಅಂಟುತ್ತದೆ, ಆರಿದಾಗ ಅಲ್ಲೇ ಗಟ್ಟಿಯಾಗುತ್ತದೆ. ಮುಂದೆ ಬೆಳಿಗ್ಗೆ ಬಿಗಿ, ಎಂಜಿನ್ ಬಿಸಿಗೆ ಸ್ವಲ್ಪ ಸಡಿಲ. ನೀವು ವಿವರಿಸಿದ್ದು ಇದನ್ನೇ. ದಾರಿ ಕೆಟ್ಟಿರುವುದರಿಂದ ಸೆಲ್ಫಿಗೆ ಬೇಕಾದಷ್ಟು ಶಕ್ತಿ ಸಿಗದೆ, ಹೊಸ ಬ್ಯಾಟರಿ ಇದ್ದರೂ ಎಳೆದಾಡುತ್ತದೆ. ಆಕ್ಸಿಲರೇಟರ್ ಬಿಗಿಯಾದದ್ದೂ ಲೆಕ್ಕಕ್ಕೆ ಸಿಕ್ಕಿತು.

ಇದನ್ನು ಊಹೆಯಲ್ಲಿ ಬಿಡುವುದು ಬೇಡ, ಅಳೆಯಿರಿ. ಬಿಡಿಸಿದ ಕ್ಲಚ್ ಕೇಬಲನ್ನು ಎರಡೂ ಕಡೆ ಮೊದಲಿನಂತೆ ಜೋಡಿಸಿಕೊಳ್ಳಿ. ಸಾಧಾರಣ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ, ಕ್ಲಾಂಪಿಗಲ್ಲ. ಕೆಂಪು ಕಡ್ಡಿಯನ್ನು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ, ಕೈ ಮತ್ತು ಬಟ್ಟೆ ಫ್ಯಾನು ಬೆಲ್ಟುಗಳಿಂದ ದೂರವಿರಲಿ. ಮನೆಯವರೊಬ್ಬರು ಸೆಲ್ಫ್ ಹೊಡೆಯಲಿ, ಆ ಮೂರು ಸೆಕೆಂಡಿನಲ್ಲಿ ಮೀಟರ್ ಏನು ತೋರಿಸುತ್ತದೆ ನೋಡಿ. 0.2 ವೋಲ್ಟ್ ಒಳಗಿದ್ದರೆ ಅರ್ಥ್ ಚೆನ್ನಾಗಿದೆ, ನನ್ನ ಅನುಮಾನ ತಪ್ಪು. 0.5 ದಾಟಿದರೆ ದಾರಿ ಕೆಟ್ಟಿದೆ. ಒಂದು ವೋಲ್ಟ್ ದಾಟಿದ ಕಾರುಗಳೂ ನನ್ನ ಕೈಗೆ ಬಂದಿವೆ.

ಮೀಟರ್ ಇಲ್ಲದವರಿಗೆ ಇನ್ನೊಂದು ದಾರಿ. ಬ್ಯಾಟರಿ ಜಂಪ್ ಮಾಡುವ ದಪ್ಪ ಕೇಬಲಿನಲ್ಲಿ ಒಂದನ್ನು ಮಾತ್ರ ತೆಗೆದುಕೊಂಡು ಬ್ಯಾಟರಿಯ ಮೈನಸ್‌ನಿಂದ ಎಂಜಿನ್ನಿನ ಗಟ್ಟಿ ಲೋಹಕ್ಕೆ ನೇರ ಕೊಟ್ಟು ಸೆಲ್ಫ್ ಹೊಡೆಯಿರಿ. ಎಳೆದಾಡುತ್ತಿದ್ದ ಸೆಲ್ಫ್ ಒಮ್ಮೆಗೇ ಚುರುಕಾಗಿ ತಿರುಗಿದರೆ ಕಳ್ಳ ಸಿಕ್ಕಿದ. ಪ್ಲಸ್ ಕಡೆಗೆ ಮಾತ್ರ ಆ ಕೇಬಲ್ ಅಪ್ಪಿತಪ್ಪಿಯೂ ತಾಗಬಾರದು.

ರಿಪೇರಿ ದೊಡ್ಡದಲ್ಲ. ಮೈನಸ್ ವೈರನ್ನು ಬ್ಯಾಟರಿಯಿಂದ ಬಿಡಿಸಿ, ಅರ್ಥ್ ವೈರಿನ ಎರಡೂ ತುದಿ ಬಿಚ್ಚಿ, ಅದು ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ. ವೈರ್ ಒಳಗೆ ಕಪ್ಪಾಗಿದ್ದರೆ ಬ್ಯಾಟರಿ ವೈರಿನಷ್ಟೇ ದಪ್ಪದ ಹೊಸದನ್ನು ಹಾಕಿಸಿ. ಹಾರ್ನಿಗೆ ಹಾಕುವ ಸಣ್ಣ ವೈರ್ ಇಲ್ಲಿ ನಡೆಯದು. ಬಿಗಿ ಮಾಡಿದ ಮೇಲೆ ಹೊರಗಿನಿಂದ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದರೆ ನಮ್ಮ ಮಳೆಗೆ ತಡೆಯುತ್ತದೆ. ಇಷ್ಟಾದ ಮೇಲೆ ಮೂರನೆಯ ಕ್ಲಚ್ ಕೇಬಲ್ ಹಾಕಿಸಿ. ಮೊದಲೇ ಹಾಕಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಅರ್ಥ್ ಚೆನ್ನಾಗಿದೆ ಎಂದು ಮೀಟರ್ ಹೇಳಿದರೆ ಕೇಬಲ್ ಸಾಯಲು ಉಳಿಯುವ ಕಾರಣಗಳು ಕಡಿಮೆ. ಹಾಕುವಾಗ ಮೂಲ ಕ್ಲಿಪ್ಪಿನಲ್ಲಿ ಕೂರಿಸದೆ ಎಲ್ಲೋ ಚೂಪಾಗಿ ಬಾಗಿಸಿರಬಹುದು, ಸೈಲೆನ್ಸರ್ ಪೈಪಿನ ಬಿಸಿಗೆ ತಾಗುತ್ತಿರಬಹುದು, ತುದಿಯ ರಬ್ಬರ್ ಟೋಪಿ ಹೋಗಿ ನೀರು ಇಳಿಯುತ್ತಿರಬಹುದು. ಎಂಜಿನ್ ಮೌಂಟಿಂಗ್ ಹರಿದಿದ್ದರೂ ಕಾರು ಹೊರಡುವಾಗ ಎಂಜಿನ್ ವಾಲಿ ಕೇಬಲನ್ನು ಜಗ್ಗುತ್ತದೆ, ಆಗ ಹೊರಡುವಾಗ ಕಾರು ನಡುಗುವುದೂ ಇರುತ್ತದೆ. ಹೊಸ ಕೇಬಲಿನೊಳಗೆ ಎಂಜಿನ್ ಆಯಿಲ್ ಸುರಿಯುವುದು ಹಳೆಯ ರೂಢಿ. ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇರುವ ಕೇಬಲಿಗೆ ಅದು ಬೇಕಿಲ್ಲ, ಧೂಳು ಹಿಡಿದು ಕೆಸರಾಗುತ್ತದೆ. ಪೆಡಲಿನ ಕೊಕ್ಕೆಗೆ, ಆರ್ಮಿನ ಜಾಯಿಂಟಿಗೆ ಒಂದು ಚಿಟಿಕೆ ಗ್ರೀಸ್ ಸಾಕು.

ಕೇಬಲ್ ಹಾಕಿದ ಮೇಲೆ ಫ್ರೀ ಪ್ಲೇ ನೋಡಿ. ಪೆಡಲನ್ನು ಬೆರಳಿನಿಂದ ಒತ್ತಿದಾಗ ಗಟ್ಟಿ ಸಿಗುವ ಮೊದಲು ಸುಮಾರು 20 ಮಿಲಿಮೀಟರ್, ಅಂದರೆ ಒಂದು ಹೆಬ್ಬೆರಳಿನ ಅಗಲ, ಹಗುರವಾಗಿ ಬರಬೇಕು. ನಿಮ್ಮ ಕಾರಿನ ಪುಸ್ತಕ ಇದ್ದರೆ ಅದರಲ್ಲಿರುವ ಅಳತೆಯೇ ಅಂತಿಮ. ಸಡಿಲವೇ ಇಲ್ಲದಂತೆ ಬಿಗಿ ಮಾಡಿದರೆ ಬೇರಿಂಗ್ ಸದಾ ತಿರುಗುತ್ತಾ ಸವೆಯುತ್ತದೆ, ಪ್ಲೇಟ್ ಜಾರಲು ಶುರುವಾಗುತ್ತದೆ. ತೀರ ಸಡಿಲ ಬಿಟ್ಟರೆ ಕ್ಲಚ್ ಪೂರ್ತಿ ಬಿಡದೆ ರಿವರ್ಸ್ ಹಾಕುವಾಗ ಕರ್ರ್ ಎನ್ನುತ್ತದೆ.

ಇದನ್ನು ಓದುವವರಲ್ಲಿ ಕೇಬಲ್ ಇಲ್ಲದ ಕಾರಿನವರೂ ಇರುತ್ತಾರೆ. ಕ್ವಾಲಿಸ್‌ನಂಥ ಗಾಡಿಗಳಲ್ಲಿ ಕ್ಲಚ್ ನಡೆಯುವುದು ಬ್ರೇಕ್ ಆಯಿಲಿನ ಒತ್ತಡದಿಂದ. ಅವರಿಗೆ ಅರ್ಥ್ ವೈರಿನ ಈ ಕಥೆ ಅನ್ವಯಿಸದು. ಅಲ್ಲಿ ಪೆಡಲ್ ಕೆಳಗೇ ಉಳಿದು, ಎರಡು ಮೂರು ಸಲ ಪಂಪ್ ಮಾಡಿದರೆ ಸರಿಹೋಗುವುದಾದರೆ ಒಳಗೆ ಗಾಳಿ ಸೇರಿದೆ ಅಥವಾ ಎಲ್ಲೋ ಸೋರುತ್ತಿದೆ. ಆಯಿಲ್ ಡಬ್ಬಿಯ ಮಟ್ಟ, ಪೆಡಲ್ ಮೇಲಿನ ಮಾಸ್ಟರ್ ಸಿಲಿಂಡರಿನ ಬುಡ, ಗೇರ್‌ಬಾಕ್ಸ್ ಬಳಿಯ ಸಿಲಿಂಡರಿನ ರಬ್ಬರ್ ಬೂಟಿನ ಒಳಗು, ಈ ಮೂರು ಕಡೆ ಒದ್ದೆ ಇದೆಯೇ ನೋಡಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಸಿಲಿಂಡರಿನ ಒಳಮೈ ತುಕ್ಕು ಹಿಡಿದು ಪಿಸ್ಟನ್ ತೊಡಕುತ್ತದೆ. ಮುಚ್ಚಳದ ಮೇಲೆ ಬರೆದಿರುವ ಡಾಟ್ (DOT, ಬ್ರೇಕ್ ಆಯಿಲಿನ ದರ್ಜೆ) ಸಂಖ್ಯೆಯದ್ದೇ ಹಾಕಿ. ಎಂಜಿನ್ ಆಯಿಲನ್ನೋ ಪವರ್ ಸ್ಟೀರಿಂಗ್ ಆಯಿಲನ್ನೋ ತಪ್ಪಿ ಹಾಕಿದರೆ ರಬ್ಬರ್ ಸೀಲುಗಳು ಉಬ್ಬಿ ಪೆಡಲ್ ಸಿಕ್ಕಿಕೊಳ್ಳುತ್ತದೆ, ಆಮೇಲೆ ಎಲ್ಲ ಸೀಲುಗಳನ್ನೂ ಬದಲಿಸಬೇಕಾಗುತ್ತದೆ.

ಈಗ ಮದುವೆಯ ಪ್ರಯಾಣ. ಈ ದೋಷ ಇಟ್ಟುಕೊಂಡು ಆಗುಂಬೆ ಇಳಿಯಬೇಡಿ. ಇದು ಹೆದರಿಸುವ ಮಾತಲ್ಲ. ಹದಿನಾಲ್ಕು ತಿರುವುಗಳ ಆ ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ ಕಾರನ್ನು ಹಿಡಿದುಕೊಂಡಿರುತ್ತದೆ. ತಿರುವಿನ ಮೊದಲು ಗೇರ್ ಇಳಿಸಲು ಕ್ಲಚ್ ತುಳಿದಿರಿ, ಪೆಡಲ್ ಅಲ್ಲೇ ನಿಂತಿತು ಎಂದುಕೊಳ್ಳಿ. ಎಂಜಿನ್ನಿನ ಹಿಡಿತ ತಪ್ಪಿ ಕಾರು ನ್ಯೂಟ್ರಲ್‌ನಲ್ಲಿ ಇಳಿದಂತೆ ಓಡುತ್ತದೆ. ಭಾರವೆಲ್ಲ ಬ್ರೇಕಿನ ಮೇಲೆ, ಅದೂ ಐದು ಜನ ಕೂತ ಕಾರಿನಲ್ಲಿ. ಆ ಹೊತ್ತಿನಲ್ಲಿ ಬಗ್ಗಿ ಕೈಯಿಂದ ಪೆಡಲ್ ಎತ್ತಲು ಹೋಗುವುದೇ ಅಪಘಾತಕ್ಕೆ ದಾರಿ. ಬೇರೆ ರಸ್ತೆಯಲ್ಲಿ ಹೀಗಾದರೂ ಅಷ್ಟೇ, ಬಗ್ಗಬೇಡಿ. ಕಣ್ಣು ರಸ್ತೆಯ ಮೇಲಿರಲಿ, ಬಲಗಾಲು ಬ್ರೇಕಿಗೆ ಬರಲಿ, ಎಡಗಾಲಿನ ತುದಿಯಿಂದ ಪೆಡಲನ್ನು ಮೇಲಕ್ಕೆ ಚಿಮ್ಮಿ ನೋಡಿ. ಬರದಿದ್ದರೆ ಬ್ರೇಕ್ ಹಿಡಿದು ಬದಿಗೆ ನಿಲ್ಲಿಸಿ.

ನಿಮ್ಮ ಕಾರನ್ನು ಉಳಿಸಿಕೊಳ್ಳಬೇಕೆಂಬ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ, ಅದು ಸುಮ್ಮನೆ ಹಟವೂ ಅಲ್ಲ. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದು 2014ರವರೆಗೆ ತಯಾರಾದ ಗಾಡಿಯಿದು, ಬಿಡಿಭಾಗಗಳು ಇನ್ನೂ ಸಿಗುತ್ತವೆ, ಮೂರು ಸಿಲಿಂಡರಿನ ಆ 796 ಸಿಸಿ ಎಂಜಿನ್ ಬಿಚ್ಚಿ ಕಟ್ಟಬಲ್ಲವರು ಸಣ್ಣ ಊರುಗಳಲ್ಲೂ ಇದ್ದಾರೆ. ಕಾರಣ ಹುಡುಕದೆ ಬಿಡಿಭಾಗ ಬದಲಿಸುತ್ತಾ ಹೋದರೆ ಮಾತ್ರ ಇಂಥ ಕಾರು ಭಾರ ಎನಿಸುತ್ತದೆ.

ಕೊನೆಗೆ ಒಂದು ಕೆಲಸ. ಬಿಚ್ಚಿದ ಹಳೆ ಕೇಬಲನ್ನು ಗ್ಯಾರೇಜಿನಲ್ಲಿ ಬಿಟ್ಟು ಬರಬೇಡಿ, ಕೇಳಿ ಮನೆಗೆ ತನ್ನಿ. ಕಟಿಂಗ್ ಪ್ಲೇಯರಿನಿಂದ ಹೊರಕವಚವನ್ನು ಅಲ್ಲಲ್ಲಿ ಕತ್ತರಿಸಿ ಒಳಗೆ ನೋಡಿ. ತಂತಿಗೆ ಕಂದು ತುಕ್ಕು ಹಿಡಿದಿದ್ದರೆ ನೀರು ಇಳಿದಿದೆ. ಒಂದೇ ಕಡೆ ಎಳೆ ಬಿಟ್ಟು ಮುಳ್ಳಿನಂತಾಗಿದ್ದರೆ ಅಲ್ಲಿ ಬಾಗು ಹೆಚ್ಚಾಗಿತ್ತು, ಹೊಸದನ್ನು ಹಾಕುವಾಗ ಆ ಜಾಗ ನೆನಪಿರಲಿ. ಲೈನಿಂಗ್ ಉದ್ದಕ್ಕೂ ಕರಗಿ ತಂತಿಗೆ ಅಂಟಿ, ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಆ ತುಂಡನ್ನು ನಿಮ್ಮ ಮೆಕ್ಯಾನಿಕ್‌ಗೆ ತೋರಿಸಿ, ಆಕ್ಸಿಲರೇಟರ್ ಕೇಬಲನ್ನೂ ಅದೇ ದಿನ ಬದಲಿಸಲು ಹೇಳಿ.